ಮೊದಲ ಆಲ್ಬಮ್: ಪಕ್ಕವಾದ್ಯದವರನ್ನು ಜೊತೆಗೇ ಕೂರಿಸಿಕೊಳ್ಳಿ

ಪ್ರಶ್ನೆ: ನಾನು ಕರ್ನಾಟಕ ಸಂಗೀತದ ಗಾಯಕಿ. ಹದಿನೈದು ವರ್ಷಗಳ ಅಭ್ಯಾಸವಿದೆ, ಕಛೇರಿಗಳನ್ನೂ ಕೊಡುತ್ತೇನೆ. ಯಾವ ಕಂಪನಿಯ ಹಂಗಿಲ್ಲದೆ ಸ್ವಂತ ಖರ್ಚಿನಲ್ಲಿ ಮೊದಲ ಆಲ್ಬಮ್ ತರುವ ಆಸೆ. ಕೈಯಲ್ಲಿ ಒಂದೂವರೆ ಲಕ್ಷ ರೂಪಾಯಿ ಇದೆ. ಮೊದಲು ಮೆಟ್ರೊನೋಮ್ (ಲಯ ತಟ್ಟುವ ಯಂತ್ರ) ಇಟ್ಟು ಗಾಯನವನ್ನಷ್ಟೇ ಮುದ್ರಿಸೋಣ, ಪಿಟೀಲು, ಮೃದಂಗ ಆಮೇಲೆ ಸೇರಿಸೋಣ ಎನ್ನುತ್ತಾರೆ ಸ್ಟುಡಿಯೊದವರು. ತ್ಯಾಗರಾಜರ ಎರಡು ಕೃತಿ, ವಾಸುದೇವಾಚಾರ್ಯರದೊಂದು, ಜಯಚಾಮರಾಜ ಒಡೆಯರದೊಂದು, ಡಿ.ವಿ.ಜಿ.ಯವರ ಒಂದು ಅಂತಃಪುರ ಗೀತೆ, ಕೊನೆಗೊಂದು ತಿಲ್ಲಾನ ಎಂದು ಯೋಚಿಸಿದ್ದೇನೆ. ಅನುಮತಿ ಬೇಕೇ? ಹಾಕಿದ ಹಣ ಮರಳುತ್ತದೆಯೇ?
– ಓದುಗರು, ಶಿವಮೊಗ್ಗ

ಉತ್ತರ: ಸ್ಟುಡಿಯೊದವರ ಸಲಹೆಯಿಂದ ಅನುಕೂಲವಾಗುವುದು ಅವರಿಗೆ, ನಿಮಗಲ್ಲ. ಸಿನಿಮಾ ಹಾಡಿಗೆ ಆ ಕ್ರಮ ಸರಿ. ಕಛೇರಿ ಸಂಗೀತಕ್ಕೆ ಹೊಂದದು. ನೆರವಲ್‌ನಲ್ಲಿ (ಸಾಹಿತ್ಯದ ಒಂದು ಸಾಲನ್ನೇ ಬಗೆಬಗೆಯಾಗಿ ಹಾಡುವಾಗ) ನೀವು ಬಿಟ್ಟ ಎಳೆಯನ್ನು ಪಿಟೀಲು ಎತ್ತಿಕೊಳ್ಳಬೇಕು. ಆಶುವಾಗಿ ಹಾಡುವ ಕಲ್ಪನಾಸ್ವರದ ಕೊನೆಯ ಆವರ್ತದಲ್ಲಿ (ತಾಳದ ಸುತ್ತಿನಲ್ಲಿ) ನೀವು ಎಲ್ಲಿಗೆ ಹೊರಟಿದ್ದೀರೆಂದು ಮೃದಂಗದವರು ಊಹಿಸಿ ಮುಕ್ತಾಯಕ್ಕೆ ಜೊತೆಗೂಡಬೇಕು. ಹಾಡಿ ಮುಗಿಸಿದ ಗಾಯನದ ಮೇಲೆ ನುಡಿಸುವವರಿಗೆ ಊಹಿಸಲು ಏನು ಉಳಿದಿರುತ್ತದೆ? ಅವರಿಂದ ನಿಮಗೆ ಸಿಗಬೇಕಾದ ಹುರುಪೂ ಸಿಗುವುದಿಲ್ಲ. ಕಾಲಪ್ರಮಾಣ ಕಾಯಲು ಒಳ್ಳೆಯ ಮೃದಂಗ ಸಾಕು, ಮೆಟ್ರೊನೋಮ್ ಬೇಡ.

ಹಾಗೆಂದು ಮೂವರೂ ಒಂದೇ ಕೋಣೆಯಲ್ಲಿ ಕುಳಿತರೆ ಮೃದಂಗದ ನಾದ ನಿಮ್ಮ ಮೈಕಿಗೆ ನುಗ್ಗುತ್ತದೆ. ಆಮೇಲೆ ಒಂದು ಅಪಸ್ವರವನ್ನೂ ತಿದ್ದಲಾಗದು. ಗಾಜಿನ ಆಚೆ ಪ್ರತ್ಯೇಕ ಕೋಣೆಯಿರುವ ಸ್ಟುಡಿಯೊ ಹುಡುಕಿ. ತಾಳ ಹಾಕುವ ನಿಮ್ಮ ಕೈ ಮೃದಂಗದವರಿಗೆ ಕಾಣಬೇಕು, ಆದರೆ ಅದರ ಸದ್ದು ಮೈಕಿಗೆ ಕೇಳಬಾರದು. ತೊಡೆಯ ಮೇಲೆ ಮಡಿಸಿದ ಟವೆಲ್ ಹಾಕಿಕೊಳ್ಳಿ, ಬಳೆ ತೆಗೆದಿಡಿ, ರೇಷ್ಮೆ ಸೀರೆ ಮನೆಯಲ್ಲಿರಲಿ. ಎ.ಸಿ. ಕೋಣೆಯಲ್ಲಿ ಮೃದಂಗದ ಚರ್ಮವೂ ಪಿಟೀಲಿನ ತಂತಿಯೂ ಶ್ರುತಿ ಬದಲಿಸುತ್ತವೆ. ಆದ್ದರಿಂದ ವಾದ್ಯಗಳು ಮುಂಚೆಯೇ ಬಂದು ಆ ಹವೆಗೆ ಹೊಂದಿಕೊಳ್ಳಲಿ.

ತಂಬೂರಿಗೆ ಮೊಬೈಲ್ ಆ್ಯಪ್ ಬಳಸುವುದು ಈಗ ರೂಢಿ. ಅದೇ ಆ್ಯಪ್‌ನ ಅದೇ ನಾದ ಎಷ್ಟೋ ಜನರ ಧ್ವನಿಮುದ್ರಣಗಳಲ್ಲಿರುವುದರಿಂದ ಯೂಟ್ಯೂಬ್‌ನ ಸ್ವಯಂಚಾಲಿತ ಹಕ್ಕು ತಪಾಸಣೆ ಗೊಂದಲಕ್ಕೆ ಬೀಳಬಹುದು. ನಿಜವಾದ ತಂಬೂರಿಯನ್ನು ಶ್ರುತಿ ಮಾಡಿ, ಪ್ರತ್ಯೇಕ ಟ್ರ್ಯಾಕ್‌ನಲ್ಲಿ ಹತ್ತು ನಿಮಿಷ ಮುದ್ರಿಸಿಕೊಳ್ಳಿ. ಕೇಳುವವರ ಕಿವಿಗೂ ಅದೇ ಹಿತ.

ಸ್ಟುಡಿಯೊ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತದೆ. ಪಕ್ಕವಾದ್ಯದವರೊಂದಿಗೆ ಮನೆಯಲ್ಲೇ ಚೆನ್ನಾಗಿ ಅಭ್ಯಾಸ ಮಾಡಿ, ಸ್ಟುಡಿಯೊದಲ್ಲಿ ಪ್ರತಿ ಕೃತಿಯನ್ನೂ ಇಡಿಯಾಗಿ ಎರಡು ಮೂರು ಬಾರಿ ಹಾಡಿ. ಸಾಲುಸಾಲಾಗಿ ಹಾಡಿ ಅಂಟಿಸಿದ್ದು ರಸಿಕರಿಗೆ ತಿಳಿಯದೆ ಹೋಗುವುದಿಲ್ಲ. ಮೂಲ ಕಡತ 24 ಬಿಟ್‌ನ ವೇವ್ ರೂಪದಲ್ಲಿ (ಧ್ವನಿಯ ಗುಣ ಕುಗ್ಗದ ಬಗೆ) ಇರಲಿ. ಮಿಕ್ಸಿಂಗ್‌ಗೂ ಮೊದಲಿನ ಬಿಡಿ ಟ್ರ್ಯಾಕ್‌ಗಳನ್ನೂ ಕೇಳಿ ಪಡೆದುಕೊಳ್ಳಿ. ಹಲವರು ಇದನ್ನು ಮರೆಯುತ್ತಾರೆ.

ಇನ್ನು ಅನುಮತಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ ರಚನೆಯ ಹಕ್ಕು ಕರ್ತೃವಿನ ನಿಧನಾನಂತರವೂ 60 ವರ್ಷ ಇರುತ್ತದೆ. ಲೆಕ್ಕ ಶುರುವಾಗುವುದು ನಿಧನದ ಮರುವರ್ಷದ ಜನವರಿಯಿಂದ. 1847ರಲ್ಲಿ ತೀರಿಕೊಂಡ ತ್ಯಾಗರಾಜರ ಕೃತಿಗಳಿಗೆ ಯಾರನ್ನೂ ಕೇಳಬೇಕಿಲ್ಲ. ವಾಸುದೇವಾಚಾರ್ಯರು ತೀರಿಕೊಂಡದ್ದು 1961ರಲ್ಲಿ, ಹಾಗಾಗಿ 2022ರಿಂದ ಅವರ ಕೃತಿಗಳೂ ಮುಕ್ತ. ಒಡೆಯರು 1974ರಲ್ಲಿ, ಡಿ.ವಿ.ಜಿ. 1975ರಲ್ಲಿ ತೀರಿಕೊಂಡವರು. ಅವರ ರಚನೆಗಳ ಹಕ್ಕು ಕ್ರಮವಾಗಿ 2034 ಮತ್ತು 2035ರ ಕೊನೆಯವರೆಗೆ ವಾರಸುದಾರರದು ಅಥವಾ ಅವರಿಂದ ಹಕ್ಕು ಪಡೆದವರದು. ಅಂತಃಪುರ ಗೀತೆಗೆ ಬೇರೊಬ್ಬರು ರಾಗ ಹಾಕಿದ್ದರೆ ಅವರ ಒಪ್ಪಿಗೆಯೂ ಬೇಕು. ತಿಲ್ಲಾನ ಯಾರದೆಂದು ನೀವು ಬರೆದಿಲ್ಲ. ಲಾಲ್ಗುಡಿ ಜಯರಾಮನ್ ಅಥವಾ ಬಾಲಮುರಳಿಕೃಷ್ಣ ಅವರದಾಗಿದ್ದರೆ ಅನುಮತಿ ಬೇಕೇ ಬೇಕು. ಗುರುಗಳು ಸ್ವತಃ ಚಿಟ್ಟೆಸ್ವರ (ಕೃತಿಗೆ ಮೊದಲೇ ಹೆಣೆದಿಟ್ಟ ಸ್ವರಭಾಗ) ಹಾಕಿಕೊಟ್ಟಿದ್ದರೆ ಅವರನ್ನೂ ಕೇಳಿ, ಹೆಸರು ನಮೂದಿಸಿ.

ಒಡೆಯರ ಕೃತಿ ಮತ್ತು ತಿಲ್ಲಾನವನ್ನು ಈ ಸಲ ಕೈಬಿಡಿ ಎನ್ನುತ್ತೇನೆ. ಅನುಮತಿ ಪತ್ರ ಬಂದರೆ ಡಿ.ವಿ.ಜಿ. ಇರಲಿ. ನಾಲ್ಕೇ ರಚನೆಗಳಾದರೆ ಒಂದರಲ್ಲಾದರೂ ಆಲಾಪನೆ, ನೆರವಲ್, ಸ್ವರ ವಿಸ್ತಾರವಾಗಿ ಹಾಡಲು ಹಣವೂ ಸಮಯವೂ ಉಳಿಯುತ್ತವೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿದ ಗಾಯಕಿ ಗೌಹರ್ ಜಾನ್ ಮೂರು ನಿಮಿಷದಲ್ಲಿ ರಾಗವನ್ನು ಮುಗಿಸಬೇಕಿತ್ತು. ನಿಮಗೆ ಆ ಬಂಧನವಿಲ್ಲ. ಆದರೆ ಸ್ಪಾಟಿಫೈಗೆ 30 ಸೆಕೆಂಡು ಕೇಳಿದರೂ, 30 ನಿಮಿಷ ಕೇಳಿದರೂ ಒಂದೇ ಲೆಕ್ಕ. ಆಲಾಪನೆಯನ್ನೂ ಕೃತಿಯನ್ನೂ ಬೇರೆ ಬೇರೆ ಟ್ರ್ಯಾಕ್ ಮಾಡುವುದರಲ್ಲಿ ತಪ್ಪಿಲ್ಲ; ತನಿ ಆವರ್ತನದ (ಮೃದಂಗದವರ ಒಂಟಿ ವಾದನದ) ನಡುವೆ ಮಾತ್ರ ಕತ್ತರಿ ಹಾಕಬೇಡಿ.

ಪಕ್ಕವಾದ್ಯದವರಿಗೆ ಸಂಭಾವನೆ ಕೊಟ್ಟರೆ ಮುಗಿಯಲಿಲ್ಲ. ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕೆಂಬುದು ಅವರಿಗೂ ಇದೆ. ಮುಂದೆ ಬರುವ ಹಣದಲ್ಲಿ ಯಾರಿಗೆ ಎಷ್ಟು ಎಂದು ಒಂದು ಪುಟದ ಕರಾರು ಬರೆದು, ಮುದ್ರಣಕ್ಕೆ ಮೊದಲೇ ಸಹಿ ಮಾಡಿ.

ಬಿಡುಗಡೆಯನ್ನು ಡಿಜಿಟಲ್ ವಿತರಣಾ ಸಂಸ್ಥೆಯ ಮೂಲಕ ಮಾಡಬೇಕು. ಕೆಲವು ಒಮ್ಮೆ ಮಾತ್ರ ಹಣ ಕೇಳುತ್ತವೆ, ಕೆಲವು ವರ್ಷವರ್ಷ. ಎರಡನೆಯ ಬಗೆಯಲ್ಲಿ ಕಟ್ಟುವುದನ್ನು ನಿಲ್ಲಿಸಿದರೆ ಆಲ್ಬಮ್ ಕಾಣೆಯಾಗಬಹುದು, ಷರತ್ತು ಓದಿಕೊಳ್ಳಿ. ಪ್ರತಿ ಟ್ರ್ಯಾಕ್‌ಗೂ ಬೇಕಾದ ಐ.ಎಸ್.ಆರ್.ಸಿ. ಸಂಖ್ಯೆಯನ್ನು (ಧ್ವನಿಮುದ್ರಣದ ಗುರುತಿನ ಸಂಖ್ಯೆ) ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ರಾಗ, ತಾಳ, ವಾಗ್ಗೇಯಕಾರರ ಹೆಸರುಗಳಿಗೆ ಎಲ್ಲ ಕಡೆ ಒಂದೇ ಕಾಗುಣಿತ ಇರಲಿ.

ಹಣದ ವಿಷಯ ನೇರವಾಗಿ ಹೇಳುತ್ತೇನೆ: ಸ್ಟ್ರೀಮಿಂಗ್‌ನಿಂದ ಒಂದೂವರೆ ಲಕ್ಷ ಮರಳುತ್ತದೆಂದು ನಂಬಬೇಡಿ. 2024ರಿಂದ ಸ್ಪಾಟಿಫೈನಲ್ಲಿ ಹನ್ನೆರಡು ತಿಂಗಳಲ್ಲಿ 1,000 ಬಾರಿಯಾದರೂ ಕೇಳದ ಟ್ರ್ಯಾಕ್‌ಗೆ ರಾಯಧನವೇ ಇಲ್ಲ. ಆಲ್ಬಮ್‌ನಿಂದ ಬರಬಹುದಾದ್ದು ಕಛೇರಿಯ ಆಹ್ವಾನ. ರಾಮನವಮಿ ಉತ್ಸವಗಳ ಪಟ್ಟಿ ತಿಂಗಳುಗಟ್ಟಲೆ ಮೊದಲೇ ಸಿದ್ಧವಾಗುತ್ತದೆ. ದೀಪಾವಳಿಯ ಹೊತ್ತಿಗೆ ಬಿಡುಗಡೆ ಮಾಡಿ, ಸಭಾ ಕಾರ್ಯದರ್ಶಿಗಳಿಗೆ ಇಡೀ ಆಲ್ಬಮ್ ಬದಲು ನಿಮ್ಮ ಅತ್ಯುತ್ತಮ ಹತ್ತು ನಿಮಿಷದ ಕೊಂಡಿಯನ್ನು ಕಳಿಸಿ.