ಓದುಗರ ಪ್ರಶ್ನೆ: ಸಂವಿಧಾನ ಬರೆದ ಸಭೆ ಕೆಲಸ ಹಂಚಿಕೊಂಡದ್ದು ಹೇಗೆ?

ಪ್ರಶ್ನೆ: ಸಂವಿಧಾನ ರಚನೆಗೆಂದು ಜನ ಆಯ್ಕೆಯಾಗಿ ಬಂದು ಕೂತರು ಅನ್ನೋಣ. ಅಧ್ಯಕ್ಷರಿಲ್ಲ, ನಿಯಮಗಳೂ ಇಲ್ಲ. ಮೊದಲ ದಿನ ಎಲ್ಲಿಂದ ಶುರು?
(ಕಾನೂನು ವಿದ್ಯಾರ್ಥಿನಿ, ಮಾಟುಂಗಾ)

ಉತ್ತರ: ಹಂಗಾಮಿ ಅಧ್ಯಕ್ಷರಿಂದ. 1946ರ ಡಿಸೆಂಬರ್ 9ರಂದು ದೆಹಲಿಯಲ್ಲಿ ನಮ್ಮ ಸಂವಿಧಾನ ಸಭೆ ಸೇರಿದಾಗ ಹಿರಿಯರಾದ ಸಚ್ಚಿದಾನಂದ ಸಿನ್ಹಾ ಆ ಪೀಠದಲ್ಲಿದ್ದರು. ಸದಸ್ಯರು ಆಯ್ಕೆಪತ್ರ ಒಪ್ಪಿಸಿ ರಿಜಿಸ್ಟರಿಗೆ ಸಹಿ ಹಾಕಿದರು. 11ರಂದು ರಾಜೇಂದ್ರ ಪ್ರಸಾದರು ಕಾಯಂ ಅಧ್ಯಕ್ಷರಾದರು. ಕೂಡಲೇ ನಿಯಮಾವಳಿ ಸಮಿತಿ ಕೆಲಸಕ್ಕಿಳಿಯಿತು. ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ), ನೋಟಿಸು, ಮತ ಹಾಕುವ ಕ್ರಮ ಇವೆಲ್ಲ ಜಗಳ ಹತ್ತುವ ಮುಂಚೆಯೇ ತೀರ್ಮಾನವಾಗಬೇಕು. ವಿವಾದ ಎದ್ದ ಮೇಲೆ ಬರೆದ ನಿಯಮ ಯಾರದೋ ಪರವಾಗಿ ಮಾಡಿದಂತೆಯೇ ಕಾಣುತ್ತದೆ. ಅಂದಿನ ಒಂದು ನಿಯಮವನ್ನು ನೀವು ಗಮನಿಸಲೇಬೇಕು: ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಿದ ನಿರ್ಣಯವಿಲ್ಲದೆ ಸಭೆಯ ವಿಸರ್ಜನೆ ಇಲ್ಲ. ಅಂದರೆ ಹೊರಗಿನವರು ಸಭೆಯನ್ನು ಮುಗಿಸುವಂತಿಲ್ಲ. ಬ್ರಿಟಿಷ್ ಸರಕಾರ ಇನ್ನೂ ದೇಶದಲ್ಲಿದ್ದಾಗ ಬರೆದ ಮಾತು ಇದು.

ಇದರ ಜೊತೆಗೇ ಗುರಿ ಏನೆಂಬ ಚರ್ಚೆ. ನೆಹರೂ ಡಿಸೆಂಬರ್ 13ರಂದು ಧ್ಯೇಯ ನಿರ್ಣಯ ಮಂಡಿಸಿದರು. ಮುಸ್ಲಿಂ ಲೀಗಿನವರೂ ಸಂಸ್ಥಾನಗಳವರೂ ಬರುವ ತನಕ ಕಾಯೋಣ ಎಂದು ಮುಂಬಯಿಯ ಎಂ. ಆರ್. ಜಯಕರ್ ತಿದ್ದುಪಡಿ ತಂದರು. ಸಭೆ ಕಾಯಿತು. ಆದರೂ ಲೀಗ್ ಬರಲಿಲ್ಲ. 1947ರ ಜನವರಿ 22ರಂದು ನಿರ್ಣಯ ಅಂಗೀಕಾರವಾಯಿತು.

ಪ್ರಶ್ನೆ: ನಮ್ಮ ಸೊಸೈಟಿಯ ಬೈಲಾ ತಿದ್ದಲು ಐದು ಜನರ ಕಮಿಟಿಗೆ ಒಂದು ವರ್ಷ ಹಿಡಿಯಿತು. ಏಳೇ ಜನರ ಕರಡು ಸಮಿತಿ ಅಷ್ಟು ದೊಡ್ಡ ಸಂವಿಧಾನ ಹೇಗೆ ಬರೆಯಿತು?
(ಓದುಗರೊಬ್ಬರು, ಡೊಂಬಿವಿಲಿ)

ಉತ್ತರ: ಕರಡು ಸಮಿತಿಯ ಕೈಗೆ ಖಾಲಿ ಹಾಳೆ ಬರಲಿಲ್ಲ. ಅದು ರಚನೆಯಾದದ್ದು 1947ರ ಆಗಸ್ಟ್ 29ರಂದು. ಅಷ್ಟರೊಳಗೆ ಮುಖ್ಯ ತೀರ್ಮಾನಗಳು ಬೇರೆ ಸಮಿತಿಗಳಲ್ಲಿ ಆಗಿದ್ದವು. ಕೇಂದ್ರದ ಸ್ವರೂಪ ನೆಹರೂ ಸಮಿತಿಗೆ, ಪ್ರಾಂತ್ಯಗಳದ್ದು ಪಟೇಲರ ಸಮಿತಿಗೆ. ಹಕ್ಕುಗಳು ಮತ್ತು ಅಲ್ಪಸಂಖ್ಯಾತರ ವಿಷಯದ ಸಲಹಾ ಸಮಿತಿಯೂ ಪಟೇಲರದ್ದೇ. ಅದರ ಕೆಳಗೆ ಮೂಲಭೂತ ಹಕ್ಕುಗಳಿಗೆ ಕೃಪಲಾನಿಯವರ ಉಪಸಮಿತಿ. ವರದಿಗಳು ಸಭೆಗೆ ಬಂದು, ಒಪ್ಪಿಗೆ ಸಿಕ್ಕ ಮೇಲೆ ಸಭೆಯ ಸಂವಿಧಾನ ಸಲಹೆಗಾರ ಬಿ. ಎನ್. ರಾವ್ ಅವನ್ನೆಲ್ಲ 243 ವಿಧಿ, 13 ಅನುಸೂಚಿಗಳ ಕರಡಾಗಿ ಹೆಣೆದರು. ಅಂಬೇಡ್ಕರ್ ಅಧ್ಯಕ್ಷತೆಯ ಸಮಿತಿ ಅದನ್ನು ಒರೆಗೆ ಹಚ್ಚಿ 315 ವಿಧಿ, 8 ಅನುಸೂಚಿಗಳ ಕರಡು ಕೊಟ್ಟಿತು. ಅಂತಿಮ ರೂಪದಲ್ಲಿ ಅವು 395 ವಿಧಿಗಳಾದವು. ತೀರ್ಮಾನ ಮೊದಲು, ಭಾಷೆ ಆಮೇಲೆ: ಈ ಕ್ರಮವೇ ಕೆಲಸವನ್ನು ಉಳಿಸಿತು. ನಿಮ್ಮ ಕಮಿಟಿ ಎಡವಿದ್ದೂ ಬಹುಶಃ ಇಲ್ಲಿಯೇ. ಪಾರ್ಕಿಂಗ್ ಯಾರಿಗೆ ಎಂದು ಜನರಲ್ ಬಾಡಿ ನಿರ್ಧರಿಸದೆ ಪಾರ್ಕಿಂಗ್ ನಿಯಮದ ವಾಕ್ಯ ತಿದ್ದುತ್ತ ಕೂತರೆ ಪ್ರತಿ ಅಲ್ಪವಿರಾಮಕ್ಕೂ ಜಗಳ.

ಒಂದು ವಿಧಿಯ ದಾರಿ ನೋಡಿ. ವ್ಯಕ್ತಿ ಸ್ವಾತಂತ್ರ್ಯದ ಹಕ್ಕನ್ನು ಸಭೆ 1947ರ ಏಪ್ರಿಲಿನಲ್ಲಿ ಒಪ್ಪಿದಾಗ ಅದರಲ್ಲಿ ‘ಡ್ಯೂ ಪ್ರೋಸೆಸ್ ಆಫ್ ಲಾ’ ಎಂಬ ಮಾತಿತ್ತು. ಅಂದರೆ ಕಾನೂನೇ ನ್ಯಾಯವಾಗಿದೆಯೇ ಎಂದು ನ್ಯಾಯಾಲಯ ಕೇಳಬಹುದು. ಆ ಮೇಲೆ ರಾವ್ ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಇದು ನ್ಯಾಯಾಧೀಶರ ಕೈಗೆ ಅತಿಯಾದ ಅಧಿಕಾರ ಕೊಡುತ್ತದೆ ಎಂಬುದು ಫ್ರಾಂಕ್‌ಫರ್ಟರ್ ಅಭಿಪ್ರಾಯವಾಗಿತ್ತು. ಕರಡು ಸಮಿತಿ ಅದನ್ನು ‘ಕಾನೂನು ಗೊತ್ತುಪಡಿಸಿದ ವಿಧಾನ’ ಎಂದು ಬದಲಿಸಿತು. ಅಂದರೆ ಕಾನೂನು ಹೇಳಿದ ಕ್ರಮ ಪಾಲನೆಯಾಗಿದೆಯೇ ಎಂದಷ್ಟೇ ನ್ಯಾಯಾಲಯ ನೋಡಬಹುದು. 1948ರ ಡಿಸೆಂಬರಿನಲ್ಲಿ ಸಭೆಯಲ್ಲಿ ಇದಕ್ಕೆ ತೀವ್ರ ವಿರೋಧ ಎದ್ದಿತು. ಸಮಿತಿಯ ಸದಸ್ಯರೇ ಆದ ಮುಂಬಯಿಯ ವಕೀಲ ಕೆ. ಎಂ. ಮುನ್ಶಿ ಹಳೆಯ ಮಾತಿನ ಪರ ನಿಂತರು. ಹೊಸ ಮಾತೇ ಉಳಿಯಿತು. ಆದರೆ ಆ ಅಸಮಾಧಾನ ವ್ಯರ್ಥವಾಗಲಿಲ್ಲ. 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ಬಂಧಿತರ ರಕ್ಷಣೆಗೆ ಹೊಸ ವಿಧಿ ತಂದರು, ಇಂದಿನ 22ನೇ ವಿಧಿ. ಇಡೀ ಕರಡಿಗೆ ಹೀಗೆ ಸೂಚಿತವಾದ ತಿದ್ದುಪಡಿಗಳು ಸುಮಾರು 7,635. ಸಭೆಯಲ್ಲಿ ಮಂಡನೆಯಾದವು 2,473.

ಪ್ರಶ್ನೆ: ನೇಪಾಳದ ಮೊದಲ ಸಂವಿಧಾನ ಸಭೆ ಯಾಕೆ ಸೋತಿತು?
(ನಿವೃತ್ತ ಶಿಕ್ಷಕರು, ಪುಣೆ)

ಉತ್ತರ: 601 ಸದಸ್ಯರಿದ್ದರು, 2008ರ ಮೇ 28ರಿಂದ ಎರಡು ವರ್ಷದ ಗಡುವು. ವಿಷಯವಾರು ಸಮಿತಿಗಳು ವರದಿ ಬರೆದವು. ಆದರೆ ಪ್ರಾಂತ್ಯಗಳು ಎಷ್ಟು, ಅವುಗಳ ಗಡಿ ಎಲ್ಲಿ, ಹೆಸರೇನು ಎಂಬ ಕಠಿಣ ಪ್ರಶ್ನೆ ಸಭೆಯ ಅಂಗಳದಿಂದ ಹೊರಗೆ, ಪಕ್ಷಗಳ ಮುಖಂಡರ ಕೋಣೆಗೆ ಹೋಯಿತು. ಗಡುವನ್ನು ನಾಲ್ಕು ಸಲ ಹಿಗ್ಗಿಸಿದರು. ಮುಂದೆ ಹಿಗ್ಗಿಸಕೂಡದೆಂದು ಸುಪ್ರೀಂ ಕೋರ್ಟ್ ಹೇಳಿತು. 2012ರ ಮೇ ತಿಂಗಳಲ್ಲಿ ಸಂವಿಧಾನವಿಲ್ಲದೆಯೇ ಸಭೆ ಮುಗಿಯಿತು. ಗಡುವು ಸಡಿಲವಾಗುತ್ತದೆಂದು ಗೊತ್ತಿದ್ದರೆ ಯಾರೂ ಮೊದಲು ಬಿಟ್ಟುಕೊಡುವುದಿಲ್ಲ. 2013ರಲ್ಲಿ ಆಯ್ಕೆಯಾದ ಎರಡನೇ ಸಭೆ, ಹಿಂದಿನವರು ಒಪ್ಪಿದ್ದನ್ನು ಹಾಗೆಯೇ ಉಳಿಸಿಕೊಂಡು, ತಕರಾರಿನ ವಿಷಯಗಳನ್ನು ಮಾತ್ರ ಬಾಬುರಾಮ್ ಭಟ್ಟರಾಯ್ ಅಧ್ಯಕ್ಷತೆಯ ಸಮಿತಿಗೆ ಒಪ್ಪಿಸಿತು. ಸಂವಿಧಾನ 2015ರ ಸೆಪ್ಟೆಂಬರ್ 20ರಂದು ಜಾರಿಗೆ ಬಂತು. ನೇಪಾಳದ ದಕ್ಷಿಣದ ಬಯಲಾದ ತರಾಯಿ ಪ್ರದೇಶದ ಅತೃಪ್ತಿ ಮಾತ್ರ ಆಗಲೂ ಆರಿರಲಿಲ್ಲ.

ಪ್ರಶ್ನೆ: ನಮ್ಮ ಸಭೆಯಲ್ಲಿ ಮುಂಬಯಿ ಪ್ರಾಂತ್ಯದಿಂದ ಹೋದ ಕನ್ನಡಿಗರಿದ್ದರೇ?
(ಗೃಹಿಣಿ, ವಾಶಿ)

ಉತ್ತರ: ಇದ್ದರು. ಎಸ್. ನಿಜಲಿಂಗಪ್ಪ, ಆರ್. ಆರ್. ದಿವಾಕರ್ ಇಬ್ಬರೂ ಮುಂಬಯಿ ಪ್ರಾಂತ್ಯದ ಪಟ್ಟಿಯವರು. ಬಂಗಾಳದಿಂದ ಆಯ್ಕೆಯಾಗಿದ್ದ ಅಂಬೇಡ್ಕರ್ ದೇಶ ವಿಭಜನೆಯಿಂದ ಸ್ಥಾನ ಕಳೆದುಕೊಂಡಾಗ, ಜಯಕರ್ ತೆರವು ಮಾಡಿದ ಮುಂಬಯಿಯ ಸ್ಥಾನದಿಂದ 1947ರ ಜುಲೈನಲ್ಲಿ ಮತ್ತೆ ಬಂದರು. ಕರಡು ಸಮಿತಿಯಲ್ಲಿ ಬಿ. ಎಲ್. ಮಿತ್ತರ್ ಬಿಟ್ಟ ಜಾಗಕ್ಕೆ ಬಂದವರು ಮೈಸೂರಿನ ಮಾಜಿ ದಿವಾನ ಎನ್. ಮಾಧವ ರಾವ್. ದಕ್ಷಿಣ ಕನ್ನಡ ಮೂಲದ ಬಿ. ಎನ್. ರಾವ್ ಮಾತ್ರ ಸಭೆಯ ಸದಸ್ಯರಾಗಿರಲಿಲ್ಲ. ಹಾಗಾಗಿ ಅವರಿಗೆ ಮತವಿರಲಿಲ್ಲ. 1950ರ ಜನವರಿ 24ರಂದು ಸದಸ್ಯರು ಹಾಕಿದ ಸಹಿಗಳಲ್ಲಿ ಅವರದ್ದಿಲ್ಲ.