ಸ್ಪೇನಿಗೆ ಅರಸರಿದ್ದಾರೆ, ದೇವರಾಜ ಅರಸರಿಲ್ಲ

ಓದುಗರ ಪತ್ರ: "ನನ್ನ ಅಕ್ಕನ ಮಗ ಸ್ಪೇನಿನ ಮಾಲಗ ಹತ್ತಿರ ಹೋಟೆಲೊಂದರಲ್ಲಿ ಅಡುಗೆ ಕೆಲಸಕ್ಕಿದ್ದಾನೆ. ಅಲ್ಲಿ ಕಡಲ ದಂಡೆಯಲ್ಲಿ ಒಂದು ಸಣ್ಣ ಬಾರ್ 60,000 ಯೂರೋಗೆ ಮಾರಾಟಕ್ಕಿದೆಯಂತೆ. ಐದು ವರ್ಷದ ಲೀಸು, ತಿಂಗಳ ಬಾಡಿಗೆ 1,500 ಯೂರೋ. ಮೇಜು, ಕುರ್ಚಿ, ಕಾಫಿ ಮೆಷಿನ್ ಎಲ್ಲ ಸೇರಿ. ಬಾರ್ ಕೊಂಡರೆ ವೀಸಾ ತಾನಾಗೇ ಆಗುತ್ತದೆ ಎಂದು ಏಜೆಂಟ್ ಹೇಳುತ್ತಾನೆ. ನಾಲೆ ಬಯಲಿನ ಮೂವತ್ತು ಗುಂಟೆ ಮಾರಿ ಕೊಳ್ಳೋಣ ಅಂತಿದ್ದೇನೆ. ಊರು ಬಿಡಬೇಡಿ ಅಂತ ಮಾತ್ರ ಬರೀಬೇಡಿ." (ಓದುಗರು, ಮಂಡ್ಯ)

ಸಂಪಾದಕರ ಉತ್ತರ:

ಬರೆಯಲ್ಲ ಸ್ವಾಮಿ. ಊರು ಬಿಟ್ಟವರೇ ನಮಗೆ ಹೋಟೆಲ್ ಕಲಿಸಿದ್ದು. ಉಡುಪಿ ಕಡೆಯವರು ಮುಂಬಯಿಗೂ ಮದರಾಸಿಗೂ ಹೋಗಿ ಬಾಡಿಗೆ ಕಟ್ಟಡದಲ್ಲೇ ಒಲೆ ಹಚ್ಚಿದರು, ಬದುಕಿದರು. ಹಾಗಾಗಿ ನಿಮ್ಮ ಆಸೆಗೆ ನನ್ನ ತಕರಾರಿಲ್ಲ. ತಕರಾರು ಇರುವುದು ನಿಮ್ಮ ಪತ್ರದ ಒಂದೇ ಒಂದು ಪದಕ್ಕೆ. "ಕೊಳ್ಳೋಣ" ಅಂದಿದ್ದೀರಲ್ಲ, ಅದಕ್ಕೆ.

ಕ್ರಯ, ಭೋಗ್ಯ, ಗುತ್ತಿಗೆ, ಗೇಣಿ, ಬಾಡಿಗೆ. ನಿಮ್ಮ ತಾತನಿಗೆ ಈ ಐದರ ವ್ಯತ್ಯಾಸ ನಿದ್ದೆಯಲ್ಲೂ ಗೊತ್ತಿತ್ತು. ಭೋಗ್ಯಕ್ಕೆ ಹಾಕಿಕೊಂಡ ಮನೆಯನ್ನು "ಕೊಂಡೆ" ಅಂದಿದ್ದರೆ ಅರಳಿಕಟ್ಟೆಯಲ್ಲಿ ನಗುತ್ತಿದ್ದರು. ನಿಮ್ಮ ಏಜೆಂಟ್ ತೋರಿಸುತ್ತಿರುವುದು ಕ್ರಯವಲ್ಲ. ಸ್ಪೇನಿನಲ್ಲಿ ಅದಕ್ಕೆ 'ತ್ರಾಸ್ಪಾಸೊ' ಅನ್ನುತ್ತಾರೆ. ನಮ್ಮ ಸಯ್ಯಾಜಿರಾವ್ ರಸ್ತೆಯಲ್ಲಿ ಗುಡ್‌ವಿಲ್ ಅನ್ನುತ್ತಾರಲ್ಲ, ಅದೇ. ಈಗಿನ ಬಾಡಿಗೆದಾರ ಎದ್ದು ಹೋಗುವುದಕ್ಕೆ ನೀವು ಕೊಡುವ ದುಡ್ಡು. ಗೋಡೆ ನಿಮ್ಮದಲ್ಲ, ನೆಲ ನಿಮ್ಮದಲ್ಲ. ನಿಮ್ಮದಾಗುವುದು ಮೇಜು, ಕುರ್ಚಿ, ಮೆಷಿನ್ನು, ಮತ್ತೆ ಕರಾರಿನಲ್ಲಿ ಉಳಿದ ದಿನಗಳು.

ಲೆಕ್ಕ ಹಾಕೋಣ. 60,000 ಯೂರೋ, 60 ತಿಂಗಳು. ತಿಂಗಳಿಗೆ ಸಾವಿರ ಯೂರೋ ಅಲ್ಲಿಗೇ ಹೋಯಿತು. ಬಾಡಿಗೆ 1,500. ಆದರೆ ಅದು 1,500ರಲ್ಲೇ ನಿಲ್ಲುತ್ತದಾ? ಸ್ಪೇನಿನ 1994ರ ಬಾಡಿಗೆ ಕಾನೂನಿನ 32ನೇ ವಿಧಿ ನೋಡಿ. ಅಂಗಡಿಯ ಕರಾರನ್ನು ಬಾಡಿಗೆದಾರ ಮಾಲೀಕನ ಒಪ್ಪಿಗೆ ಇಲ್ಲದೆಯೂ ಇನ್ನೊಬ್ಬರಿಗೆ ದಾಟಿಸಬಹುದು. ಆದರೆ ಒಂದು ತಿಂಗಳೊಳಗೆ ಮಾಲೀಕನಿಗೆ ದಾಖಲೆ ಉಳಿಯುವಂತೆ ತಿಳಿಸಬೇಕು, ಮತ್ತು ಮಾಲೀಕ ಬಾಡಿಗೆಯನ್ನು ಶೇ. 20ರಷ್ಟು ಏರಿಸಬಹುದು. ಕರಾರಿನಲ್ಲಿ ಬೇರೆ ಥರ ಬರೆದುಕೊಂಡಿದ್ದರೆ ಅದೇ ನಡೆಯುತ್ತದೆ, ದಾಟಿಸಲೇಬಾರದು ಅಂತಲೂ ಬರೆದಿರಬಹುದು. ಶೇ. 20 ಏರಿದರೆ 1,800. ಮೇಲಿನ ಸಾವಿರ ಸೇರಿ 2,800. ಕಾಫಿ ಒಂದೂವರೆ ಯೂರೋ ಅಂತಿಟ್ಟುಕೊಂಡರೆ ತಿಂಗಳಿಗೆ ಹೆಚ್ಚುಕಮ್ಮಿ 1,870 ಕಾಫಿ. ಹಾಲು, ಪುಡಿ, ಕರೆಂಟು, ಸಪ್ಲೈಯರ್ ಸಂಬಳ ಯಾವುದೂ ಇದರಲ್ಲಿಲ್ಲ. ಷಟರ್ ಎತ್ತುವುದಕ್ಕೆ ಮುಂಚಿನ ಲೆಕ್ಕ ಇದು.

ವೀಸಾ ವಿಚಾರ ಬೇಗ ಮುಗಿಸುತ್ತೇನೆ. ಏಜೆಂಟ್ ಸುಳ್ಳು ಹೇಳುತ್ತಿದ್ದಾನೆ. ಐದು ಲಕ್ಷ ಯೂರೋದ ಆಸ್ತಿ ಕೊಂಡವರಿಗೆ ಸಿಗುತ್ತಿದ್ದ ವೀಸಾವನ್ನೇ ಸ್ಪೇನ್ 2025ರ ಏಪ್ರಿಲ್ 3ಕ್ಕೆ ನಿಲ್ಲಿಸಿತು. ನಿಮ್ಮದು ಆಸ್ತಿಯೂ ಅಲ್ಲ. ಗಲ್ಲಾದಲ್ಲಿ ಕೂರಬೇಕಾದರೆ ಸ್ವಂತ ಉದ್ಯೋಗದ ಪರವಾನಗಿ ಬೇರೆಯೇ ಪಡೆಯಬೇಕು.

ದುಡ್ಡು ಇಲ್ಲಿಂದ ದಾಟಿಸುವುದೂ ಸುಮ್ನೆ ಅಲ್ಲ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಲ್ಲಿ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ಕಳಿಸಬಹುದು, ಸರಿ. ಆದರೆ ಇಂಥ ಬಾಬ್ತಿಗೆ 10 ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಬ್ಯಾಂಕು ಶೇ. 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತದೆ. 60 ಲಕ್ಷ ಕಳಿಸಿದರೆ 10 ಲಕ್ಷ ಅಲ್ಲಿ ಸಿಕ್ಕಿಕೊಳ್ಳುತ್ತದೆ. ರಿಟರ್ನ್ಸ್ ಹಾಕಿದಾಗ ಹೊಂದಿಸಿಕೊಳ್ಳಬಹುದು, ಅಷ್ಟು ದಿನ ಕಾಯುವ ಕಸುವು ಇದ್ದರೆ.

ನನಗೆ ಈ ಬಾಡಿಗೆ ಕಾಗದದ ಮೇಲೆ ಯಾಕಿಷ್ಟು ಸಿಟ್ಟು ಅಂತ ಕೇಳಬಹುದು. ನಮ್ಮಪ್ಪ ಮೈಸೂರಿನ ಅಗ್ರಹಾರದಲ್ಲಿ ಟ್ರೆಡಲ್ ಪ್ರೆಸ್ ಇಟ್ಟಿದ್ದರು. ಮದುವೆ ಕಾಗದ, ಬಿಲ್ ಪುಸ್ತಕ, ಯುಗಾದಿಗೆ ಕ್ಯಾಲೆಂಡರ್. ಹಿಂದಿನ ಬಾಡಿಗೆದಾರರಿಗೆ ಗುಡ್‌ವಿಲ್ ಕೊಟ್ಟೇ ಒಳಗೆ ಹೋಗಿದ್ದು. ಕರಾರು 11 ತಿಂಗಳದ್ದು. ವರ್ಷ ಮೀರಿದರೆ ರಿಜಿಸ್ಟರ್ ಮಾಡಿಸಬೇಕಲ್ಲ, ಆ ಖರ್ಚು ಯಾರಿಗೆ ಬೇಕು? 22 ವರ್ಷ ಅದೇ 11 ತಿಂಗಳ ಹಾಳೆಯ ಮೇಲೆ ಬದುಕಿದೆವು. ಮಾಲೀಕರು ತೀರಿಕೊಂಡರು. ಮಕ್ಕಳು ಬಂದು ನಯವಾಗಿಯೇ ಮಾತಾಡಿದರು, ಕಾಫಿ ಕುಡಿದರು, ಮೂರು ತಿಂಗಳು ಟೈಮ್ ಕೊಟ್ಟರು. ಅಚ್ಚುಮೊಳೆಯ ಗೂಡುಗಳನ್ನು ಗಾಡಿಗೆ ಏರಿಸುವಾಗ 'ಳ' ಅಕ್ಷರದ ಗೂಡು ಕೈಜಾರಿ ರಸ್ತೆಗೆಲ್ಲ ಚೆಲ್ಲಿತು. ಅಪ್ಪ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಆರಿಸಿದರು. ಮೆಷಿನ್ ನಿಂತಿದ್ದ ಜಾಗದಲ್ಲಿ ನೆಲಕ್ಕೆ ನಾಲ್ಕು ಎಣ್ಣೆ ಕಲೆ ಇತ್ತು. ಹಿಂದಿನವರಿಗೆ ಕೊಟ್ಟ ಗುಡ್‌ವಿಲ್ಲನ್ನು ನಮಗೆ ಯಾರೂ ಕೊಡಲಿಲ್ಲ.

ಈಗ ಮಂಡ್ಯಕ್ಕೆ ಬರುತ್ತೇನೆ. ನಿಮ್ಮ ಸೀಮೆಯವರಿಗೆ ಬಾಡಿಗೆ ಅಂದರೆ ಹೆದರಿಕೆ ಕಮ್ಮಿ. ಅದಕ್ಕೆ ಕಾರಣ ನಮ್ಮ ಹುಣಸೂರಿನ ದೇವರಾಜ ಅರಸರು. ಅವರ ಭೂಸುಧಾರಣೆಯಿಂದ 1974ರ ಮಾರ್ಚ್ 1ಕ್ಕೆ ಗೇಣಿ ಪದ್ಧತಿಗೆ ತೆರೆ ಬಿತ್ತು. ಉಳುತ್ತಿರುವವನು ನಾನೇ ಅಂತ ನಮೂನೆ 7 ತುಂಬಿ ಡಿಕ್ಲರೇಷನ್ ಹಾಕಿದ ಎಷ್ಟೋ ಗೇಣಿದಾರರು ಒಡೆಯರಾದರು. ನ್ಯಾಯವೇ ಆಯಿತು, ಉಳುವವನಿಗೇ ನೆಲ ಸಿಕ್ಕಿತು. ಆದರೆ ಆಗಿನಿಂದ ಒಂದು ಭ್ರಮೆ ನಮ್ಮೊಳಗೆ ಕೂತುಬಿಟ್ಟಿದೆ: ಹಿಡಿದುಕೊಂಡಿದ್ದರೆ ಕಡೆಗೆ ನಮ್ಮದೇ ಆಗುತ್ತದೆ ಅಂತ. ಅಂಗಡಿಗೆ ಆ ಭಾಗ್ಯ ಇಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ತಲೆಮಾರುಗಳಿಂದ ಬಾಳೆಹಣ್ಣು, ಕುಂಕುಮ ಮಾರಿದವರನ್ನು ಕೇಳಿ. ವ್ಯಾಪಾರ ಅವರದ್ದು, ಕಟ್ಟಡ ಪಾಲಿಕೆಯದ್ದು. 2016ರಲ್ಲಿ ಒಂದು ಭಾಗ ಕುಸಿಯಿತು. ಕೆಡವಬೇಕಾ ಉಳಿಸಬೇಕಾ ಎಂದು ಜಗಳ ಕೋರ್ಟಿಗೆ ಹೋಯಿತು. ಅವರ ಹಣೆಬರಹ ಬೇರೆಯವರ ಫೈಲಿನಲ್ಲಿತ್ತು.

ಸ್ಪೇನಿನಲ್ಲೂ ಇಂಥ ಹಳೇ ಬಾಡಿಗೆಯ ಅಂಗಡಿಗಳಿದ್ದವು, ಚಿಲ್ಲರೆ ಕಾಸಿನ ಬಾಡಿಗೆಗೆ ದಶಕಗಟ್ಟಲೆ ಕೂತಿದ್ದವು. ಅದೇ 1994ರ ಕಾನೂನು ಅವುಗಳಲ್ಲಿ ಹಲವಕ್ಕೆ 2014ರ ಕೊನೆಯ ಗಡುವು ಹಾಕಿತು. ಎಷ್ಟೋ ಹಳೇ ಅಂಗಡಿಗಳು ಬಾಗಿಲು ಎಳೆದವು. ಅಲ್ಲಿ ಅರಮನೆಯಲ್ಲಿ ಅರಸರು ಇವತ್ತಿಗೂ ಇದ್ದಾರೆ. ಡಿಕ್ಲರೇಷನ್ ಹಾಕಿಸಿಕೊಳ್ಳುವ ಅರಸು ಇಲ್ಲ.

ಇಷ್ಟಾದರೂ ನಿಮ್ಮನ್ನು ಪೂರ್ತಿ ಬೈಯಲಾರೆ. ಕರಾರು ಓದುವುದನ್ನು ನಮಗೆ ಕಲಿಸಿದವರು ಯಾರು? ಶಾಲೆಯಲ್ಲಿ ಕಂದಪದ್ಯಕ್ಕೆ ಪ್ರಸ್ತಾರ ಹಾಕಿಸಿದರು. ನನಗೆ ಛಂದಸ್ಸು ಇಷ್ಟ, ಅದು ಬೇರೆ ಮಾತು. ಆದರೆ ಒಂದು ಬಾಡಿಗೆ ಪತ್ರವನ್ನು ಮುಂದಿಟ್ಟು "ಇದರಲ್ಲಿ ನಿನ್ನ ಕುತ್ತಿಗೆ ಎಲ್ಲಿದೆ ಹುಡುಕು" ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ. ಮಂಡ್ಯದ ಬ್ಯಾಂಕಿನಲ್ಲಿ ಬೆಳೆ ಸಾಲಕ್ಕೆ ಹೋದರೂ ಹತ್ತಾರು ಪುಟ ಇಂಗ್ಲಿಷು, ಪೆನ್ಸಿಲಿನಲ್ಲಿ ಇಂಟು ಮಾರ್ಕು, "ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಹಾಕಿ". ಕನ್ನಡದಲ್ಲಿ ಕೇಳಿದರೆ ನಮ್ಮನ್ನೇ ಪಿಳಿಪಿಳಿ ನೋಡುತ್ತಾರೆ. ಮದ್ದೂರಿನಲ್ಲಿ ಓದದೆ ಸಹಿ ಹಾಕಿ ಅಭ್ಯಾಸವಾದ ಕೈ ಮಾಲಗದಲ್ಲಿ ಸ್ಪ್ಯಾನಿಷ್ ಹಾಳೆಗೆ ಹೆದರುತ್ತದಾ?

ನಿಮ್ಮ ಅಕ್ಕನ ಮಗನಿಗೆ ಫೋನ್ ಮಾಡಿ. ಆ ಬಾರಿನ ಎದುರಿಗೆ ಜನವರಿಯ ಒಂದು ಮಂಗಳವಾರ ಬೆಳಗ್ಗಿಂದ ರಾತ್ರಿವರೆಗೆ ಕೂತು ತಲೆ ಎಣಿಸಲಿ, ಆಗಸ್ಟಿನ ಜಾತ್ರೆ ಬೇಡ. ಪುರಸಭೆಯ ಪರವಾನಗಿ ಬರೀ ಬಾರಿಗಾ, ಹಾಡು ಹಾಕುವುದಕ್ಕೂ ಇದೆಯಾ, ಫುಟ್‌ಪಾತಿನ ಮೇಜುಗಳಿಗೆ ಅನುಮತಿ ಇದೆಯಾ ಕೇಳಲಿ. ಏಜೆಂಟ್ ಕೊಡುವ ವಕೀಲ ಬೇಡ, ತಾವೇ ಹುಡುಕಿದ ವಕೀಲರಿಗೆ ಮೂಲ ಕರಾರು ತೋರಿಸಲಿ. ಅದರಲ್ಲಿ ತಾರೀಖು ಒಂದಿರುತ್ತದೆ. "ಐದು ವರ್ಷದ ಲೀಸು" ಅಂದಿದ್ದಾನೆ ಏಜೆಂಟ್, ಐದು ವರ್ಷ ಬಾಕಿ ಇದೆ ಅಂದಿಲ್ಲ. ಎರಡು ವರ್ಷ ಆಗಲೇ ಕಳೆದಿದ್ದರೆ ನನ್ನ ಸಾವಿರ ಯೂರೋ ಲೆಕ್ಕ 1,667 ಆಗುತ್ತದೆ.

ಆ ತಾರೀಖು ಸಿಕ್ಕಿದ ಕೂಡಲೇ ಒಂದು ಕಾರ್ಡು ಹಾಕಿ. ಮತ್ತೆ, ನಾಲೆ ಬಯಲಿನ ಜಮೀನಿಗೆ ಯಾರ ಹತ್ತಿರವೂ ಅಡ್ವಾನ್ಸ್ ತಗೊಂಡಿಲ್ಲ ತಾನೆ?