ಸಿಡ್ನಿಯಲ್ಲಿ 1960ರ ದಶಕದ ಫೈಬ್ರೊ ಮನೆಯ ಮುಂದಿನ ಗೋಡೆಯನ್ನು ನಾವೇ ಕೀಳಬಹುದಾ? ಯಾವ ಮಾಸ್ಕ್ ಒಳ್ಳೆಯದು?

ಮಾಸ್ಕ್ ವಿಚಾರ ಆಮೇಲೆ. ನೀವು ಬರೆದ ಹಾಗೆ ಹಳೆ ಮನೆ, ಮುಂದಿನ ಗೋಡೆಗೆ ಪ್ಲಾಸ್ಟಿಕ್ ಪಟ್ಟಿ ಹೊದಿಕೆ, ಅದನ್ನು ಕಿತ್ತು ಹೊಸ ರೂಪ ಕೊಡೋ ಆಸೆ. ನಮ್ಮದೂ ಇದೇ ಕಥೆ, ಟೂಂಗ್ಯಾಬಿ ಕಡೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿ ಇಟ್ಟಿಗೆ ಸಿಗುತ್ತಿರಲಿಲ್ಲ, ಮನೆ ಮಾತ್ರ ಎಲ್ಲರಿಗೂ ಬೇಕಿತ್ತು. ಮರದ ಚೌಕಟ್ಟು ನಿಲ್ಲಿಸಿ, ಸಿಮೆಂಟಿಗೆ ಆಸ್ಬೆಸ್ಟಾಸ್ ನಾರು ಬೆರೆಸಿದ ತೆಳು ಶೀಟನ್ನು ಹೊರಗಿನಿಂದ ಹೊಡೆದು ಮನೆ ಎಬ್ಬಿಸಿದರು. ಆ ಶೀಟೇ ಫೈಬ್ರೊ. ಒಡೆದಾಗ ಹಾರುವ ಆ ನಾರು ಉಸಿರಿನ ಜೊತೆ ಒಳಗೆ ಹೋದರೆ ಮುಂದೆ ಕ್ಯಾನ್ಸರ್ ಬರಬಹುದು. ಮನೆ ಶೀಟುಗಳಲ್ಲಿ ಈ ನಾರು ಬೆರೆಸೋದು ನಿಂತಿದ್ದು 1980ರ ದಶಕದಲ್ಲಿ. ದೇಶಪೂರ್ತಿ ನಿಷೇಧ ಬಂದಿದ್ದು 2003ರ ಡಿಸೆಂಬರ್ 31ಕ್ಕೆ. ಹಾಗಾಗಿ 1990ಕ್ಕೆ ಮೊದಲಿನ ಮನೆ ಅಂದರೆ, ಪರೀಕ್ಷೆ ಮಾಡಿಸಿ ಇಲ್ಲ ಅಂತ ಬರೋವರೆಗೂ ಇದೆ ಅಂತಲೇ ಲೆಕ್ಕ.

ಇದು ನನಗೂ ಗೊತ್ತಿತ್ತು. ಪರೀಕ್ಷೆಯನ್ನೂ ಮಾಡಿಸಿದ್ದೆ. ಎಡವಿದ್ದು ಆ ಪರೀಕ್ಷೆಯಲ್ಲೇ.

ಸೂರಿನ ಅಡಿಗೆ ಹೊಡೆದಿದ್ದ ಶೀಟಿನಿಂದ ಒಂದೇ ಒಂದು ಚೂರು ಲ್ಯಾಬಿಗೆ ಕೊಟ್ಟೆ. ಏಣಿ ಹಾಕಿದರೆ ಕೈಗೆ ಸಿಗುವ ಜಾಗ ಅದು, ಅಷ್ಟೇ ಕಾರಣ. 'ಈ ಮಾದರಿಯಲ್ಲಿ ಆಸ್ಬೆಸ್ಟಾಸ್ ಇಲ್ಲ' ಅಂತ ವರದಿ ಬಂತು. ನಾನು ಅದನ್ನು 'ಈ ಮನೆಯಲ್ಲಿ ಇಲ್ಲ' ಅಂತ ಓದಿಕೊಂಡೆ. ಹಿಂದಿನ ಮಾಲೀಕರು ಸೂರಿನ ಶೀಟನ್ನು ಯಾವಾಗಲೋ ಬದಲಿಸಿದ್ದರು. ಹೊಸದಕ್ಕೂ ಹಳೆಯದಕ್ಕೂ ಅದೇ ಬಣ್ಣ ಬಳಿದಿದ್ದರು, ನೋಡಿದರೆ ಗೊತ್ತಾಗೋದೇ ಇಲ್ಲ. ಇನ್ನು ಮುಂದಿನ ಗೋಡೆಯಲ್ಲಿ ಕಾಣೋದು ಪ್ಲಾಸ್ಟಿಕ್. ಅದರ ಹಿಂದೆ ಮೊದಲಿನ ಫೈಬ್ರೊ ಹಾಗೇ ಇತ್ತು. ಒಂದು ಪಟ್ಟಿ ಸಡಿಲಿಸಿ ಹಿಂದೆ ಏನಿದೆ ಅಂತ ನಾನೂ ನೋಡಲಿಲ್ಲ, ಕೆಲಸಕ್ಕೆ ಬಂದವರೂ ನೋಡಲಿಲ್ಲ. ವರದಿ ಇದೆಯಲ್ಲ ಅನ್ನೋ ಧೈರ್ಯ ಎಲ್ಲರಿಗೂ.

ಪಟ್ಟಿಗಳ ಮೊಳೆ ಫೈಬ್ರೊ ದಾಟಿ ಮರಕ್ಕೆ ಇಳಿದಿತ್ತು. ಹಾರೆ ಹಾಕಿ ಮೀಟಿದಾಗ ಶೀಟಿನ ಚೂರುಗಳೂ ಕಿತ್ತುಕೊಂಡು ಬಂದವು. ಕಿತ್ತು ಬರದ ಕಡೆ ಕತ್ತರಿಸುವ ಗ್ರೈಂಡರ್ ಯಂತ್ರ ಹಿಡಿದರು. ಕಿಟಕಿ ಕಟ್ಟೆ, ಗುಲಾಬಿ ಗಿಡದ ಎಲೆ, ಎಲ್ಲದರ ಮೇಲೂ ಬೂದು ಪುಡಿ. ಮನೆಯೊಳಗೆ ಹಾಲ್‌ಗೆ ಬಂದ ಧೂಳನ್ನು ನನ್ನ ಹೆಂಡತಿ ಮನೆಯ ವ್ಯಾಕ್ಯೂಮಿನಲ್ಲೇ ತೆಗೆದಳು. ಸೂಕ್ಷ್ಮ ನಾರು ಆ ಚೀಲದಲ್ಲಿ ನಿಲ್ಲೋದಿಲ್ಲ, ಹಿಂದಿನಿಂದ ಮತ್ತೆ ಗಾಳಿಗೇ ಬರುತ್ತದೆ. ಎದುರು ಮನೆಯ ಹಿರಿಯರು ರಸ್ತೆ ದಾಟಿ ಬಂದು ಕೆಲಸ ನಿಲ್ಲಿಸಿದರು. ಒಡೆದ ಅಂಚನ್ನು ಮುಟ್ಟದೆ ತೋರಿಸಿದರು: ಸಿಮೆಂಟಿನಿಂದ ಹೊರಗೆ ಚಾಚಿದ್ದ ಬಿಳಿ ನಾರು, ಕೂದಲಿಗಿಂತ ಸಣ್ಣದು.

ಆಸ್ಬೆಸ್ಟಾಸ್ ತೆಗೆಯುವ ಲೈಸೆನ್ಸ್ ಇದ್ದವರು ಬಂದು ಉಳಿದ ಗೋಡೆ ಇಳಿಸಿದರು, ಅಂಗಳದ ಮೇಲ್ಮಣ್ಣು ಹೆರೆದರು, ಹಾಲಿನ ಕಾರ್ಪೆಟ್, ಸೋಫಾ, ವ್ಯಾಕ್ಯೂಮ್ ಎಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದರು. ಹೊಸ ಗೋಡೆಗೆ ಇಟ್ಟಿದ್ದ ದುಡ್ಡಿಗಿಂತ ಜಾಸ್ತಿ ಇದಕ್ಕೇ ಹೋಯಿತು. ನೂರು ಡಾಲರ್ ಆಸುಪಾಸಿನ ಇನ್ನೊಂದು ಪರೀಕ್ಷೆ ಮಾಡಿಸಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ದುಡ್ಡು ಹೋಗಲಿ. ಅವತ್ತು ಗ್ರೈಂಡರ್ ಹಿಡಿದಿದ್ದವನು ದಾವಣಗೆರೆಯಿಂದ ಓದಲು ಬಂದ ಹುಡುಗ. ಒಮ್ಮೆ ಧೂಳು ಕುಡಿದದ್ದಕ್ಕೆ ಅಪಾಯ ಕಮ್ಮಿ ಅಂದರು ಡಾಕ್ಟರು. ಆದರೆ ನಾರು ಒಳಗೆ ಹೋಗಿದೆಯಾ ಅಂತ ಈಗ ಎಕ್ಸ್‌ರೇಯಲ್ಲಿ ಕಾಣೋದಿಲ್ಲ. ಮೆಸೊಥೆಲಿಯೋಮಾ ಅನ್ನೋ ಕ್ಯಾನ್ಸರ್ ಸಾಮಾನ್ಯವಾಗಿ 20ರಿಂದ 40 ವರ್ಷ, ಕೆಲವೊಮ್ಮೆ ಇನ್ನೂ ತಡವಾಗಿ ಕಾಣಿಸಿಕೊಳ್ಳುತ್ತದೆ. ಈ ಧೂಳಿಗೆ ಸಿಕ್ಕಿರಬಹುದಾದವರ ಹೆಸರು ದಾಖಲಿಸುವ ಇಲ್ಲಿನ ರಾಷ್ಟ್ರೀಯ ಆಸ್ಬೆಸ್ಟಾಸ್ ರಿಜಿಸ್ಟರಿನಲ್ಲಿ ನಾವೆಲ್ಲ ಹೆಸರು ಬರೆಸಿದ್ದೇವೆ. ಅವನಿಗೆ ಇನ್ನೂ ಮದುವೆ ಕೂಡ ಆಗಿಲ್ಲ.

'ಊರಲ್ಲಿ ಕೊಟ್ಟಿಗೆಗೂ ಶಾಲೆಗೂ ಇದೇ ಶೀಟು, ನಮಗೇನಾಯ್ತು' ಅಂತ ಕೇಳಿದ್ದೀರಿ. ದಯವಿಟ್ಟು ಈ ಮಾತು ಬಿಡಿ. ಭಾರತದಲ್ಲಿ ಇವತ್ತಿಗೂ ಇದನ್ನು ತಯಾರಿಸಿ ಮಾರುತ್ತಾರೆ ಅಂದ ಮಾತ್ರಕ್ಕೆ ಅದು ಸುರಕ್ಷಿತ ಆಗೋದಿಲ್ಲ. ಆಸ್ಬೆಸ್ಟಾಸಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮಾಡಿನ ಮೇಲೆ ಒಡೆಯದೆ ಸುಮ್ನೆ ಕೂತ ಶೀಟಿನಿಂದ ನಾರು ಹಾರೋದು ಕಮ್ಮಿ. ಕೊರೆದಾಗ, ಕತ್ತರಿಸಿದಾಗ, ಉಜ್ಜಿದಾಗ ಹಾರುತ್ತದೆ. ನೀವು ಮಾಡಹೊರಟಿರೋದು ಅದನ್ನೇ ಅಲ್ವಾ?

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 10 ಚದರ ಮೀಟರ್ ತನಕ ಗಟ್ಟಿ ಶೀಟು ತೆಗೆಯಲು ಲೈಸೆನ್ಸ್ ಬೇಡ, ನಿಜ. 2.4 ಮೀಟರ್ ಎತ್ತರದ ಗೋಡೆಯಲ್ಲಿ 4 ಮೀಟರ್ ಚಿಲ್ಲರೆ ಅಗಲಕ್ಕೇ ಆ ಮಿತಿ ಮುಗಿಯುತ್ತದೆ. ಮಿತಿಯೊಳಗೆ ಇದ್ದರೂ ನೀವು ತೆಗೆಯಬೇಡಿ ಅಂತಲೇ ನನ್ನ ಮಾತು. ಮಾಸ್ಕ್ ಕೇಳಿದಿರಲ್ಲ, ಸೂಕ್ಷ್ಮ ಧೂಳು ತಡೆಯುವ ಪಿ2 ದರ್ಜೆಯದು ಬೇಕು, ಗಡ್ಡ ಇದ್ದರೆ ಅದೂ ಸರಿಯಾಗಿ ಕೂರೋದಿಲ್ಲ. ಬಟ್ಟೆ, ತಲೆಗೂದಲಿಗೆ ಅಂಟಿದ ನಾರು ಮಕ್ಕಳ ಕೋಣೆಯವರೆಗೂ ಬರುತ್ತದೆ.

ಪ್ಲಾಸ್ಟಿಕ್ ಹೊದಿಕೆ ಚೆನ್ನಾಗಿದ್ದರೆ ಅದನ್ನು ಹಾಗೇ ಬಿಟ್ಟುಬಿಡಿ, ಪ್ರೆಶರ್ ವಾಷರ್ ಮಾತ್ರ ಹಿಡಿಯಬೇಡಿ. ತೆಗೆಯಲೇಬೇಕು ಅಂದರೆ ಬಿಲ್ಡರ್ ಹತ್ತಿರ ಹೋಗುವ ಮೊದಲೇ ಆಸ್ಬೆಸ್ಟಾಸ್ ಎಲ್ಲೆಲ್ಲಿದೆ ಅಂತ ಪರಿಶೀಲಿಸುವ ಅಸೆಸರ್ ಕರೆಸಿ. ಹೊದಿಕೆಯ ಹಿಂದಿನ ಗೋಡೆ, ಮಾಡಿನ ಕೆಳಗಿನ ತ್ರಿಕೋನ ಮುಖ, ಸೂರು, ಬಚ್ಚಲಿನ ಟೈಲ್ಸ್ ಹಿಂಬದಿ, ಬೇರೆ ಬೇರೆ ಚೂರು ತೆಗೆಸಿ ನಾಟಾ (ಇಲ್ಲಿ ಲ್ಯಾಬುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆಯ ಲ್ಯಾಬಿಗೇ ಕೊಡಿಸಿ. ಮೀಟರ್ ಬೋರ್ಡಿನ ಕಪ್ಪು ಹಲಗೆಯನ್ನು ಮರೆಯಬೇಡಿ. ಹಳೆ ಮನೆಗಳಲ್ಲಿ ಅದರಲ್ಲೂ ಆಸ್ಬೆಸ್ಟಾಸ್ ಇರುತ್ತದೆ, ಎಲೆಕ್ಟ್ರಿಷಿಯನ್ ಬಂದವರು ಮೊದಲು ಡ್ರಿಲ್ ಇಡೋದು ಅಲ್ಲಿಗೇ. ವರದಿಯ ಒಂದು ಪ್ರತಿ ಅವರ ಕೈಗೂ ಕೊಡಿ.